ಹಿಂದಕ್ಕೆ ಹೋದ ಅಳತೆ

ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಸೂಜಿ ಹುಡುಕುತ್ತಿದ್ದೆ, ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ ಸಿಕ್ಕಿತು. ಮೂಸಿದೆ. ಅರಸೀಕೆರೆಯ ಟೈಲರ್ ತಾತನ ಅಂಗಡಿ, ಇಸ್ತ್ರಿಪೆಟ್ಟಿಗೆಯ ಇದ್ದಿಲು, ಹೊಸ ಬಟ್ಟೆಯ ಗಂಜಿ ವಾಸನೆ... ಎಲ್ಲ ಒಟ್ಟಿಗೇ ಬಂದವು.

ಅಪ್ಪ ಗೆಂಡೆಹಳ್ಳಿಯವರು, ಅಮ್ಮ ಒಡಿಶಾದವಳು. ಅಪ್ಪನಿಗೆ ಅಲ್ಲಿ ರೈಲ್ವೆ ಕೆಲಸವಿದ್ದಾಗ ಆದ ಮದುವೆ. ಅರಸೀಕೆರೆಗೆ ವರ್ಗವಾದ ಮೇಲೆ, ಗೆಂಡೆಹಳ್ಳಿಗೆ ಹೋದರೆ ಅಣ್ಣನೂ ನಾನೂ ‘ಹಿಂದಿಯೋಳ ಮಕ್ಕಳು’. ಅಮ್ಮನದು ಹಿಂದಿಯಲ್ಲ, ಒಡಿಯಾ ಎಂದು ಹೇಳಿ ಹೇಳಿ ಸಾಕಾಗಿತ್ತು. ಅವಳ ತವರಿನಲ್ಲಿ ನಾವು ‘ಮದ್ರಾಸಿಗಳು’. ಹೈಸ್ಕೂಲಿಗೆ ಬರುವ ಹೊತ್ತಿಗೆ ನನಗೆ ಅಳು ಶುರುವಾಯಿತು. ಜಡೆ ಹಾಕಿಸಿಕೊಳ್ಳುವಾಗ ಅಳು, ಹೋಂವರ್ಕಿನ ಮುಂದೆ ಅಳು... ಅಮ್ಮ ನೆತ್ತಿಗೆ ಎಣ್ಣೆ ತಟ್ಟುತ್ತಿದ್ದಳು, ಪಕ್ಕದ ಮನೆಯವರು ದೃಷ್ಟಿ ತೆಗೆಯುತ್ತಿದ್ದರು.

ಅಣ್ಣನ ಚಿಂತೆ ಯಾರಿಗೂ ಇರಲಿಲ್ಲ. ಅವನು ಅಮ್ಮನ ಕನ್ನಡವನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದ. ಸ್ಕೂಲಿನಲ್ಲಿ ತನ್ನ ಡಬ್ಬಿಯನ್ನೂ ನನಗೇ ಕೊಟ್ಟು, “ತಿನ್ನೇ, ನಿಂಗಿಷ್ಟ ಅಲ್ವಾ” ಅನ್ನುತ್ತಿದ್ದ. ಪ್ರೀತಿ ಅಂದುಕೊಂಡು ನಾನು ತಿಂದೆ, ದಿನಾ.

ಜೂನ್ ಬಂದರೆ ಯೂನಿಫಾರ್ಮಿಗೆ ಟೈಲರ್ ತಾತನ ಬಳಿ ಹೋಗಬೇಕು. ತಾತ ತಮ್ಮ ಪುಸ್ತಕದಲ್ಲಿ ಹೋದ ವರ್ಷದ ಅಳತೆ ಹುಡುಕಿ ತೆಗೆದು, ಅದರ ಪಕ್ಕದಲ್ಲೇ ಹೊಸದನ್ನು ಬರೆಯುತ್ತಿದ್ದರು. ಬೆಳೆಯುವ ಮಕ್ಕಳೆಂದು ಎರಡಿಂಚು ಬಟ್ಟೆಯನ್ನು ಒಳಗೆ ಮಡಚಿ ಬಿಡುತ್ತಿದ್ದರು. ಅಣ್ಣ ಹತ್ತನೇ ತರಗತಿಗೆ ಬಂದ ವರ್ಷ, ಅವನ ಸೊಂಟಕ್ಕೆ ಟೇಪು ಸುತ್ತಿ ಪುಸ್ತಕ ನೋಡಿದರು. ಮತ್ತೆ ಸುತ್ತಿದರು.

“ಇವನು ಗಂಡು ಹುಡುಗ, ಚೆನ್ನಾಗಿದ್ದಾನೆ. ಇವಳದ್ದೇ ಯೋಚನೆ,” ಅಂದಳು ಅಮ್ಮ.

“ಬೆಳೆಯೋ ಹುಡುಗನ ಅಳತೆ ಹಿಂದಕ್ಕೆ ಹೋಗಬಾರ್ದು ಕಣಮ್ಮಾ. ಎರಡಿಂಚು ಹೋಗೈತೆ. ಈ ಬಟ್ಟೆಗೆ ನಾನೀಗ ಕತ್ತರಿ ಹಾಕಲ್ಲ.”

“ನಿಮ್ಮ ಟೇಪೇ ಜಗ್ಗಿರ್ಬೇಕು ತಾತಾ,” ಎಂದು ಅಣ್ಣ ನಕ್ಕ. ತಾತ ನಗಲಿಲ್ಲ. ಅವನ ಭುಜ ಹಿಡಿದು, “ಉಣ್ತಾ ಇಲ್ಲ ಅಲ್ವೇನಪ್ಪಾ?” ಎಂದರು.

ಅಣ್ಣನ ಮುಖದಲ್ಲಿ ನಗು ಹಾಗೇ ಇತ್ತು... ಕಣ್ಣಿಂದ ನೀರು ಇಳಿಯುತ್ತಿತ್ತು. “ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ ತಾತಾ,” ಎಂದ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಅಮ್ಮ ಅವನನ್ನು ತೋರಿಸಿದ ಹಾಸನದ ಡಾಕ್ಟರು ಖಿನ್ನತೆ ಎಂದರು. ಮನೆಯ ವಿಷಯವೆಲ್ಲ ಕೇಳಿಕೊಂಡು, ಮಗಳನ್ನೂ ಕರೆತನ್ನಿ ಎಂದರು. ಹೆಣ್ಣುಮಕ್ಕಳು ಅಳುವುದು ಇದ್ದದ್ದೇ ಎಂದು ನನಗೆ ಬರೀ ಎಣ್ಣೆ ತಟ್ಟಿದ್ದರು. ಗಂಡುಮಕ್ಕಳಿಗೆ ಏನಾಗುತ್ತದೆ ಎಂದು ಅವನಿಗೆ ಅದನ್ನೂ ತಟ್ಟಿರಲಿಲ್ಲ. ಕಾಯಿಲೆ ಇಬ್ಬರಿಗೂ ಒಂದೇ ಆಗಿತ್ತು. ಸುಧಾರಿಸಿಕೊಳ್ಳಲು ಬಹಳ ಸಮಯ ಹಿಡಿಯಿತು. ಅಣ್ಣ ಆ ವರ್ಷ ಪರೀಕ್ಷೆ ಬರೆಯಲಿಲ್ಲ. ಅವನ ಬಟ್ಟೆ ಆರು ತಿಂಗಳು ತಾತನ ಬೀರುವಿನಲ್ಲೇ ಇತ್ತು. ಕೊನೆಗೆ ಹೊಲಿದು ಕೊಟ್ಟಾಗ ಬಿಚ್ಚಿ ನೋಡಿದೆ, ಒಳಗೆ ಎರಡಿಂಚು ಮಡಚಿ ಬಿಟ್ಟಿದ್ದರು.

ನಾನು ಹೊಲಿಗೆ ಕಲಿಯುತ್ತೇನೆಂದಾಗ ಈ ಬಿಲ್ಲೆ ಕೊಟ್ಟವರೂ ಅವರೇ. ತೀರಿಕೊಂಡ ಸುದ್ದಿ ನಮಗೆ ತಿಳಿದದ್ದು ತಿಂಗಳ ಮೇಲೆ. ಒಮ್ಮೆಯಾದರೂ ಕೈಮುಗಿದು ಬರಬೇಕಿತ್ತು, ಹೋಗಲಿಲ್ಲ. ಆ ಅಂಗಡಿಯಲ್ಲೀಗ ಸೈಜಿನ ನಂಬರ್ ಹೇಳಿದರೆ ರೆಡಿಮೇಡ್ ಯೂನಿಫಾರ್ಮಿನ ಪ್ಯಾಕೆಟ್ ಕೊಡುತ್ತಾರೆ.

ಅಣ್ಣ ಬೇಲೂರಿನಲ್ಲಿದ್ದಾನೆ. ಅವನೂ ಮಕ್ಕಳಿಗೆ ರೆಡಿಮೇಡೇ ತರುವುದು. ಆದರೂ ಪ್ರತಿ ಜೂನ್‌ನಲ್ಲಿ ಮಗನನ್ನೂ ಮಗಳನ್ನೂ ನಿಲ್ಲಿಸಿ ಟೇಪು ಹಿಡಿದು, ಡೈರಿಯಲ್ಲಿ ಬರೆದಿಡುತ್ತಾನೆ. ಅತ್ತಿಗೆಗೆ ಅದೊಂದು ತಮಾಷೆ.

ಬಿಲ್ಲೆ ಸಿಕ್ಕಿತೆಂದು ಅವನಿಗೆ ಫೋನ್ ಮಾಡಿದೆ. ನೀಲಿದೇನಾ ಎಂದು ಕೇಳಿದ. ಆಮೇಲೆ, “ಊಟ ಮಾಡಿದ್ಯೇನೇ?” ಎಂದ.