'ಇಲ್ಲ' ಅನ್ನಲು ಕಲಿಸಿದ ವಕೀಲಬಾಯಿ

ಭಾನುವಾರ ಸಂಜೆ ಊರಿನವರು ಕಳ್ಳರ ಕುಲವೆನ್ನುವ ನಮ್ಮ ಪಾರ್ಧಿ ಜನರ ಬಸ್ತಿಯ ಬೇವಿನ ಮರದಡಿ ಅಭ್ಯಾಸಕ್ಕೆಂದು ಸುಳ್ಳು ಕೋರ್ಟು ಸೇರುತ್ತಿತ್ತು. ವಕೀಲಬಾಯಿ ಶೇವಂತಾ ಕಾಳೆ ಬಕೆಟ್ಟು ಬೋರಲು ಹಾಕಿ ಕುಳಿತು ನ್ಯಾಯಾಧೀಶರಾಗುತ್ತಿದ್ದರು.

"ಮೋಟರ್ ಕದ್ದಿದ್ದು ನೀನs ಏನು?"

"ಹೂಂರಿ ಸಾಹೇಬ್ರ," ಎನ್ನುತ್ತಿದ್ದಳು ಮುದುಕಿ ಗಜರಾ.

"ಅಯ್ಯ ಆಜಿ, ನೀ ಖರೇನ ಕದ್ದೀ?"

"ಎಲ್ಲಿದು ಬಿಡವಾ. ಅಷ್ಟು ದೊಡ್ಡ ಮನಷ್ಯಾ ಕೇಳಬೇಕಾದ್ರ ಇಲ್ಲ ಅನ್ನೂದು ಮರ್ಯಾದಿ ಏನ?"

ಎಲ್ಲರೂ ನಗುತ್ತಿದ್ದರು. ಶೇವಂತಾ ಮಾತ್ರ ಮತ್ತೆ ಮೊದಲಿನಿಂದ ಕೇಳುತ್ತಿದ್ದರು.

ಸಣ್ಣ ಕಳವಿನ ಕೇಸಿನಲ್ಲಿ ಹೂಂ ಅಂದರೆ, ಅದುವರೆಗೆ ಜೈಲಿನಲ್ಲಿ ಕಳೆದ ದಿನಗಳನ್ನೇ ಶಿಕ್ಷೆ ಎಂದು ಹಿಡಿದು ಕೋರ್ಟು ಬಿಟ್ಟುಬಿಡುತ್ತದೆ. ಹೂಂ ಅಂದರೆ ಮನೆ, ಇಲ್ಲ ಅಂದರೆ ಜೈಲು ಎಂದೇ ನಮ್ಮ ಹಿರಿಯರು ಹೇಳಿಕೊಟ್ಟಿದ್ದರು. ಆದರೆ ಆ ಹೂಂ ಅಳಿಯುವುದಿಲ್ಲ. ಮುಂದೆ ಎಲ್ಲೇ ಕಳವಾದರೂ ಪೊಲೀಸರು ಮೊದಲು ಬರುವುದು ಆ ಗುಡಿಸಲಿಗೇ. ಶೇವಂತಾರ ತಂದೆ ಮಾಡದ ಕಳವುಗಳಿಗೆ ಹೂಂ ಅನ್ನುತ್ತಾ ಹೋಗಿ ಕೊನೆಗೆ ಹಳೇ ಕಳ್ಳ ಎನಿಸಿಕೊಂಡು ಜೈಲಿನಲ್ಲೇ ತೀರಿಕೊಂಡರು. ಮಗಳು ಸೋಲಾಪುರದಲ್ಲಿ ಕಾನೂನು ಓದಿ, ನಮ್ಮ ತಾಲೂಕಿನ ಕೋರ್ಟಿಗೇ ಬಂದು ನಿಂತರು. ಒಪ್ಪಿಕೊಳ್ಳುವ ಮೊದಲು ಅದರ ಪರಿಣಾಮವನ್ನು ಪ್ರತಿ ಆರೋಪಿಗೂ ತಿಳಿಸಿ ಹೇಳಬೇಕು ಎಂದು, ಹೊಸದಾಗಿ ಬಂದ ನ್ಯಾಯಾಧೀಶರಿಗೆಲ್ಲ ಅರ್ಜಿ ಕೊಡುತ್ತಿದ್ದರು.

ಆ ವರ್ಷ ಪಂಪ್‌ಸೆಟ್ ಕಳವಿನಲ್ಲಿ ಉಮರಾವ್ ಭೋಸಲೆಯನ್ನು ಹಿಡಿದರು. ಜಾಮೀನು ಸಿಕ್ಕಿತು, ಆದರೆ ಜಾಮೀನು ನಿಲ್ಲಲು ಹೊಲವಿದ್ದವರು ಬಸ್ತಿಯಲ್ಲಿ ಯಾರಿದ್ದರು? ಅವನು ಒಳಗಿದ್ದಾಗಲೇ ಮಗಳ ಮದುವೆ ಹತ್ತಿರ ಬಂತು. ಕೋರ್ಟಿನ ದಿನ ಅವನ ಹೆಂಡತಿ ಚಿಮಣಾ ವರಾಂಡದಲ್ಲೇ ಶೇವಂತಾರನ್ನು ತಡೆದಳು.

"ಅಕ್ಕಾ, ಇವತ್ತು ಹೂಂ ಅನಸು. ಸಂಜಿಗೆ ಮನಿಗೆ ಬರ್ತಾನ. ಅಪ್ಪ ಇಲ್ದ ಅಕ್ಕಿಕಾಳು ಹಾಕೂದು ಹೆಂಗ?"

"ನಾ ಅನಸೂದಿಲ್ಲ, ಬ್ಯಾಡ ಅನ್ನೂದೂ ಇಲ್ಲ. ಎರಡೂ ತಿಳಿಸಿ ಹೇಳ್ತೀನಿ. ಬಾಯಿ ಅವಂದು."

"ನಿನಗೇನು ಹೇಳು, ಕರೀ ಕೋಟ್ ಹಾಕ್ಕೊಂಡು ಮನಿಗೆ ಹೋಗ್ತಿ!"

ಶೇವಂತಾ ಪೊಲೀಸರ ನಡುವೆ ನಿಂತಿದ್ದ ಉಮರಾವ್‌ಗೆ ಎರಡೂ ದಾರಿಗಳನ್ನು ಮೆಲ್ಲಗೆ ವಿವರಿಸಿದರು. ಅವನು ಹೆಂಡತಿಯ ಕಡೆ ನೋಡಿದ.

"ಅಳಿಯಾ ನಮ್ಮ ಬಸ್ತಿಗೇ ಬರಾಂವ ಹೌದಿಲ್ಲೋ? ಇವತ್ತು ನಾ ಹೂಂ ಅಂದ್ರ, ನಾಳೆ ಕಳ್ಳನ ಅಳಿಯಾ ಅಂತ ಅವನ್ನ ಹಿಡೀತಾರ."

ನ್ಯಾಯಾಧೀಶರು ಕೇಳಿದಾಗ ಅವನು ಹೇಳಿದ: "ಇಲ್ರಿ ಸಾಹೇಬ್ರ. ನಾ ಕದ್ದಿಲ್ಲ."

ಅವನನ್ನು ಮತ್ತೆ ವ್ಯಾನಿಗೆ ಹತ್ತಿಸಿದರು. ವ್ಯಾನು ಗೇಟು ದಾಟುವವರೆಗೆ ಚಿಮಣಾ ನೋಡುತ್ತಾ ನಿಂತಳು. ಆಮೇಲೆ ಹೊರಗೆ ಕಾಯುತ್ತಿದ್ದ ಬೀಗರ ಬಳಿ ಹೋಗಿ ಹೇಳಿದಳು: "ಮದುವಿ ಮುಂದ ಹಾಕೂಣು. ಅವ ಕಳ್ಳ ಅಲ್ಲ ಅನಿಸಿಕೊಂಡs ಬರ್ತಾನ."

ಬೀಗರು ಗೊಣಗಿದರು, ಆದರೂ ಒಪ್ಪಿದರು.

ವಿಚಾರಣೆಗೆ ಬಂದ ಪಂಪಿನ ಮಾಲೀಕನನ್ನು ಶೇವಂತಾ ಕೇಳಿದ್ದು ಒಂದೇ ಪ್ರಶ್ನೆ: "ಇವನನ್ನು ನೀವು ಕಣ್ಣಾರೆ ಕಂಡಿರಾ?" ಹೆಸರು ಹೇಳಿಕೊಟ್ಟವರು ಪೊಲೀಸರು ಎಂದ ಅವನು. ಉಮರಾವ್ ಬಿಡುಗಡೆಯಾದ. ತಡವಾದರೂ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಿದ. ಆ ದಿನ ಶೇವಂತಾರ ಎಲೆಗೆ ಬೇಡಬೇಡವೆಂದರೂ ಮತ್ತೆ ಮತ್ತೆ ಬಡಿಸಿದವಳು ಚಿಮಣಾ.