ಮೂಗು ಸೋರುವ ತಿಂಗಳುಗಳು

ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಆಕೆ ತನ್ನ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದಳು. ಮುಂದಿನ ಕೋಣೆ ಓಡಾಡುವ ಮಕ್ಕಳದ್ದು, ಒಳಗಿನದು ಇನ್ನೂ ಮಗುಚಲೂ ಬಾರದ ಹಸುಗೂಸುಗಳದ್ದು. ಮಕ್ಕಳಿಗೂ ಅವರ ತಾಯಂದಿರಿಗೂ ಆಕೆ ದೊಡ್ಡಮ್ಮ. ಬೆನ್ನ ಹಿಂದೆ ಮಾತ್ರ ಥರ್ಮಾಮೀಟರ್ ದೊಡ್ಡಮ್ಮ.

ಆ ಹೆಸರು ಬಂದದ್ದು ಚಳಿಗಾಲದಿಂದ. ಚಳಿ ಶುರುವಾಯಿತೆಂದರೆ ಮಕ್ಕಳ ಮೂಗು ಸೋರಲು ತೊಡಗುತ್ತಿತ್ತು, ದೊಡ್ಡಮ್ಮ ಮುಖ ಗಂಟಿಕ್ಕಿಕೊಂಡು ಬಂದ ಮಗುವಿಗೆಲ್ಲ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದಳು. ದೊಡ್ಡ ಮಗುವಿಗೆ ಬರೀ ನೆಗಡಿಯಾಗಿ ಹೋಗುವ ಸೋಂಕು ಎಳೆಗೂಸಿನ ಎದೆಗೆ ಇಳಿದರೆ ಉಸಿರನ್ನೇ ಹಿಡಿಯುತ್ತದೆ ಎಂದು ಆಕೆಗೆ ಗೊತ್ತಿತ್ತು. ಮಗುವಿಗೆ ಮೈ ಬಿಸಿಯಿದ್ದರೆ, ಕೆಮ್ಮಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ, ಒಳಗೆ ಬರುವ ಮೊದಲು ಕೈ ತೊಳೆಯಿರಿ, ಕೂಸುಗಳ ಮುಖಕ್ಕೆ ಮುತ್ತಿಡಬೇಡಿ ಎಂದು ಗಂಟಲು ಹರಿದುಕೊಂಡು ಹೇಳುತ್ತಿದ್ದಳು. ಗೋಡೆಗೆ ಹೇಳಿದ್ದರೆ ಅದಾದರೂ ಕೇಳಿಸಿಕೊಳ್ಳುತ್ತಿತ್ತೇನೋ.

ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಾಯಿ ತನ್ನ ನಾಲ್ಕು ವರ್ಷದ ಮಗಳನ್ನು ಕರೆತಂದಳು. ಹುಡುಗಿಯ ಕಣ್ಣು ಮಂಕಾಗಿತ್ತು.

"ರಾತ್ರಿ ಮೈ ಬಿಸಿ ಇತ್ತಾ?" ದೊಡ್ಡಮ್ಮ ಕೇಳಿದಳು.

"ಹಲ್ಲು ಬರ್ತಿರಬೇಕು ದೊಡ್ಡಮ್ಮ, ಅದಕ್ಕೇ ಸ್ವಲ್ಪ ಸಪ್ಪಗಿದಾಳೆ."

"ಬಾಯ್ತುಂಬ ಹಲ್ಲಿದೆಯಲ್ಲಮ್ಮ. ಇನ್ನೆಲ್ಲಿ ಬರಬೇಕು?"

ಆದರೆ ಥರ್ಮಾಮೀಟರಿನಲ್ಲಿ ಜ್ವರವಿರಲಿಲ್ಲ. ಬೇಡವೆನ್ನಲು ಕಾರಣ ಸಿಗದೆ ದೊಡ್ಡಮ್ಮ ಒಳಗೆ ಬಿಟ್ಟುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹುಡುಗಿಯ ಮೈ ಕಾದ ಕಾವಲಿಯಾಯಿತು. ಬೆಳಗ್ಗೆ ಕುಡಿಸಿ ಕಳಿಸಿದ ಜ್ವರದ ಔಷಧಿಯ ಶಕ್ತಿ ಇಳಿದಿತ್ತು, ಅಷ್ಟೇ. ತಾಯಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಹುಡುಗಿಯನ್ನು ಮೂಲೆಯಲ್ಲಿ ಮಲಗಿಸುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ಹುಡುಗಿ ಯಾವಾಗಲೋ ಒಳಗಿನ ಕೋಣೆಗೆ ನುಸುಳಿ, ತಾನು ಬಾಯಲ್ಲಿಟ್ಟುಕೊಂಡಿದ್ದ ಗಿಲಕಿಯನ್ನು ಅಲ್ಲಿದ್ದ ಅತಿ ಚಿಕ್ಕ ಕೂಸಿನ ಕೈಗೆ ಕೊಟ್ಟು, ಕೆನ್ನೆಗೆ ಮುತ್ತನ್ನೂ ಕೊಟ್ಟು ಬಂದಿದ್ದಳು. ಅಕ್ಕರೆಯಿಂದಲೇ.

ಆ ಕೂಸು ಬಟ್ಟೆ ಹೊಲಿಯುವವಳ ಮಗ, ಹುಟ್ಟಿ ಮೂರು ತಿಂಗಳು. ಕೆಲವು ದಿನಗಳ ನಂತರ ಅವನು ಹಾಲಿನ ಬಾಟಲಿಯಿಂದ ಮುಖ ತಿರುಗಿಸಿದ. ದೊಡ್ಡಮ್ಮ ಅಂಗಿ ಎತ್ತಿ ನೋಡಿದಳು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು, ಮೂಗಿನ ಹೊಳ್ಳೆ ಅರಳುತ್ತಿತ್ತು. ಉಳಿದ ಮಕ್ಕಳನ್ನು ಗಂಡನ ಕೈಗೆ ಒಪ್ಪಿಸಿ, ಕೂಸನ್ನು ಎದೆಗೆ ಅವಚಿಕೊಂಡು ಬಾಡಿಗೆ ಗಾಡಿ ಹಿಡಿದಳು. ಆಸ್ಪತ್ರೆಯಲ್ಲಿ ಅವನ ಪುಟ್ಟ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿದರು.

ತಾಯಿ ಓಡೋಡಿ ಬಂದಳು. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮಗುವನ್ನು ನೋಡಿ, ದೊಡ್ಡಮ್ಮನನ್ನು ನೋಡಿ ಒಂದೇ ಮಾತು ಹೇಳಿದಳು. "ನಿಮ್ಮನ್ನ ನಂಬಿ ಬಿಟ್ಟು ಹೋಗಿದ್ದೆ."

ಔಷಧಿ ಅಂಗಡಿಯವಳ ಹೆಸರು ದೊಡ್ಡಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವಳ ಮಗಳಿಂದಲೇ ಬಂತೋ, ತರಕಾರಿ ಕೊಳ್ಳುವಾಗ ಯಾರೋ ಕೆನ್ನೆ ಹಿಂಡಿದ್ದರಿಂದ ಬಂತೋ, ಯಾರು ಹೇಳಬಲ್ಲರು? ನುಂಗಿಕೊಂಡಳು. ಮನೆಗೆ ಬಂದು ಆಟಿಕೆಗಳನ್ನೆಲ್ಲ ಸೋಪುನೀರಿನಲ್ಲಿ ಮುಳುಗಿಸಿ, ಅವು ಏನೋ ತಪ್ಪು ಮಾಡಿವೆಯೆಂಬಂತೆ ಉಜ್ಜಿದಳು.

ಮರುದಿನದಿಂದ ತಾನೇ ಬಾಗಿಲಲ್ಲಿ ನಿಂತಳು. ಕೆಮ್ಮಿದ ಮಗು ಹೊಸಿಲು ದಾಟುವಂತಿಲ್ಲ.

"ನಾನು ರಜೆ ಹಾಕಿದ್ರೆ ಕೆಲಸದಿಂದ ತೆಗೀತಾರೆ. ಆಮೇಲೆ ನೀವು ಕೊಡ್ತೀರಾ ಕೆಲಸ?" ಎಂದಳು ಒಬ್ಬಳು.

"ಇಲ್ಲಮ್ಮ. ಆದ್ರೆ ನಿನ್ನ ಮಗನ ಸೀನನ್ನೂ ನಾನು ತಗೊಳ್ಳಲ್ಲ."

"ಎಲ್ಲರ ಮನೇಲೂ ಮಕ್ಕಳು ಸೀನ್ತವೆ. ಇವರೊಬ್ಬರದ್ದೇ ಅತಿಯಾಯ್ತು," ಎಂದು ಇನ್ನೊಬ್ಬಳು ಮೂಗು ಮುರಿದು ಹೋದಳು. ಅವರ ಕಷ್ಟ ಸುಳ್ಳಲ್ಲ, ಅದೇ ದೊಡ್ಡಮ್ಮನ ಹೊಟ್ಟೆ ಉರಿಸುತ್ತಿದ್ದುದು. ಅವರು ಬರೀ ಸೋಗು ಹಾಕುವವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ನರ್ಸಮ್ಮ ಬಂದಳು. ಹೊಲಿಗೆಯವಳ ಕೂಸು ಮಲಗಿದ್ದ ವಾರ್ಡಿನಲ್ಲೇ ಅವಳ ಕೆಲಸ. ಎರಡು ವರ್ಷದ ಮಗ ಅವಳ ಸೊಂಟದ ಮೇಲೆ ಕೂತು ಗೊರ ಗೊರ ಎನ್ನುತ್ತಿದ್ದ.

"ನೆಗಡಿ ಇದೆ ದೊಡ್ಡಮ್ಮ, ನಿಮ್ಮ ಹತ್ರ ಸುಳ್ಳು ಹೇಳಲ್ಲ," ಎಂದಳು. "ವಾರ್ಡಲ್ಲಿ ಒಂದು ಹಾಸಿಗೆಗೆ ಎರಡು ಕೂಸು ಮಲಗಿಸಿದೀವಿ. ಇಬ್ಬರು ನರ್ಸ್‌ಗಳೂ ಜ್ವರ ಬಂದು ಮಲಗಿದಾರೆ. ಇವನನ್ನ ಎಲ್ಲಿ ಬಿಡ್ಲಿ ಅಂತ ನೀವೇ ಹೇಳಿ."

"ಒಳಗೆ ಬಿಟ್ಕೊಳ್ಳಲ್ಲಮ್ಮ."

ನರ್ಸಮ್ಮ ಮೆಟ್ಟಿಲ ಮೇಲೆ ಕೂತು ಮಗನ ಮೂಗು ಒರೆಸಿದಳು. ದೊಡ್ಡಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಇವಳನ್ನು ವಾಪಸ್ಸು ಕಳಿಸಿದರೆ ಆ ನಳಿಕೆ ಹಾಕಿಕೊಂಡ ಕೂಸನ್ನು ನೋಡುವ ಕೈ ಒಂದು ಕಡಿಮೆಯಾಗುತ್ತದೆ. ಒಳಗೆ ಬಿಟ್ಟರೆ ಇನ್ನೊಂದು ಕೂಸು ಅದೇ ವಾರ್ಡಿಗೆ ಹೋಗುತ್ತದೆ. ಯಾರನ್ನು ಬೈಯುವುದು? ಕೊನೆಗೆ ಮಹಡಿಯ ಕಡೆಗೆ ತಿರುಗಿ ಕೂಗಿದಳು. "ರೀ, ಪೇಪರ್ ಮಡಚಿಟ್ಟು ಕೆಳಗೆ ಬನ್ನಿ."

ಗಂಡ ನಿವೃತ್ತ ಬಸ್ ಚಾಲಕ. ಕನ್ನಡಕ ಹಣೆಗೇರಿಸಿಕೊಂಡು ಇಳಿದು ಬಂದ. ಮಗುವನ್ನು ಹೊರಗಿನ ಮೆಟ್ಟಿಲಿನಿಂದಲೇ ಮೇಲಕ್ಕೆ ಕರೆದೊಯ್ಯಬೇಕು, ಕಿಟಕಿ ತೆರೆದಿಡಬೇಕು, ಮಗುವಿನ ಲೋಟ ಬೇರೆ, ಆಟಿಕೆ ಬೇರೆ, ಆತ ಕೂಸುಗಳ ಕೋಣೆಗೆ ಕಾಲಿಡಬಾರದು ಎಂದು ಅಪ್ಪಣೆಯಾಯಿತು.

"ಈ ವಯಸ್ಸಲ್ಲಿ ಮತ್ತೆ ಡ್ಯೂಟಿಗೆ ಹಾಕಿದೆಯಲ್ಲೇ," ಎಂದು ಗೊಣಗುತ್ತ ಆತ ಮಗುವನ್ನು ಎತ್ತಿಕೊಂಡ. ಸಂಜೆಯವರೆಗೂ ಮೇಲಿನಿಂದ ಬಸ್ಸಿನ ಹಾರ್ನ್ ಸದ್ದು ಕೇಳಿಸುತ್ತಿತ್ತು, ಗಂಡನ ಬಾಯಿಂದ.

ಸಂಜೆ ನರ್ಸಮ್ಮ ಮಗನನ್ನು ಕರೆದೊಯ್ಯುವಾಗ ಹೇಳಿದಳು, "ಕೂಸಿನ ಎದೆಗಿಳಿಯೋ ಈ ಸೋಂಕಿಗೆ, ಬಸುರಿಯಾಗಿದ್ದಾಗಲೇ ತಾಯಿಗೆ ಹಾಕೋ ಲಸಿಕೆ ಬಂದಿದೆ ದೊಡ್ಡಮ್ಮ. ಹುಟ್ಟೋ ಕೂಸಿಗೆ ಅದು ಮೊದಲ ತಿಂಗಳುಗಳಲ್ಲಿ ಆಸರೆ ಆಗುತ್ತೆ. ಸಿಗೋದು ಮಾತ್ರ ಎಲ್ಲರಿಗೂ ಸಿಗಲ್ಲ."

"ಹಾಗಾದ್ರೆ ಯಾಕೆ ಯಾರೂ ಹೇಳಲ್ಲ?"

"ಹೇಳೋರಿಗೇ ಪುರುಸೊತ್ತಿಲ್ಲ," ಎಂದು ನರ್ಸಮ್ಮ ಹೋದಳು.

ಮಾರನೆಯ ಬೆಳಗ್ಗೆ ಬಾಗಿಲಲ್ಲಿ ಮೂವರು ತಾಯಂದಿರು. "ನಮ್ಮೋನಿಗೂ ಮೂಗು ಸೋರ್ತಿದೆ ದೊಡ್ಡಮ್ಮ. ಮೇಲೆ ಬಿಡ್ಲಾ?" ಔಷಧಿ ಅಂಗಡಿಯವಳೂ ಅವರಲ್ಲಿದ್ದಳು. ದೊಡ್ಡಮ್ಮ ಹಲ್ಲು ಕಚ್ಚಿಕೊಂಡಳು. ಸದ್ಯ, ಹಲ್ಲು ಬರುತ್ತಿದೆ ಎಂದು ಯಾರೂ ಹೇಳಲಿಲ್ಲ. ಸುಮ್ಮನೆ ಮೆಟ್ಟಿಲು ತೋರಿಸಿದಳು. ವಾರ ಕಳೆಯುವುದರೊಳಗೆ ಗಂಡ ಕಂಬಳಿ ಹೊದ್ದು ಕೆಮ್ಮುತ್ತಾ ಕೂತ. ಮೇಲಿನ ಕೋಣೆಯೂ ಮುಚ್ಚಿತು, ಬಾಗಿಲಲ್ಲಿ ಮತ್ತೆ ಅದೇ ಜಗಳ.

ಹೊಲಿಗೆಯವಳ ಕೂಸು ಗೆದ್ದು ಮನೆಗೆ ಹೋಯಿತು. ಆದರೆ ಅವಳು ಮತ್ತೆ ದೊಡ್ಡಮ್ಮನ ಬಳಿ ಬಿಡಲಿಲ್ಲ, ಅಕ್ಕನ ಮನೆಯಲ್ಲಿ ಬಿಡುತ್ತಿದ್ದಳು. ಒಂದು ದಿನ ಅಂಗಡಿಯ ಮುಂದೆ ಎದುರಾದಳು. ಸ್ವಲ್ಪ ಹೊತ್ತು ಅನುಮಾನಿಸಿ, ಕೂಸನ್ನು ಮುಂದಕ್ಕೆ ಚಾಚಿದಳು. ಕೂಸಿನ ಕೆನ್ನೆ ತುಂಬಿತ್ತು, ದೊಡ್ಡಮ್ಮನನ್ನು ಕಂಡು ಕಾಲು ಬಡಿಯಿತು. ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ತಾಯಿಯ ಮುಖ ಸಣ್ಣದಾಯಿತು.

"ಕೋಪ ಅಲ್ಲ ಕಣಮ್ಮ," ಎಂದಳು ದೊಡ್ಡಮ್ಮ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. "ಗಂಡನದ್ದು ನಂಗೂ ಅಂಟಿದೆ. ಹಾಳು ನೆಗಡಿ."

"ಹಾಗಾದ್ರೆ ವಾಸಿಯಾದ ಮೇಲೆ ಮನೆಗೆ ಬನ್ನಿ," ಎಂದಳು ಹೊಲಿಗೆಯವಳು.

ದೊಡ್ಡಮ್ಮ ತಲೆಯಾಡಿಸಿ, ಅತ್ತ ತಿರುಗಿ ಕೆಮ್ಮಿದಳು.