ಮ್ಯಾಟ್ ಎತ್ತದೆ ಕೊಂಡ ವ್ಯಾನು

ನನ್ನ ತಂಗಿಯ ರೇಸ್ ಬೈಕುಗಳನ್ನು ಒಯ್ಯಲು ನಾನೇ ಮುಂದೆ ನಿಂತು ಒಂದು ಹಳೆಯ ವ್ಯಾನು ಕೊಡಿಸಿದೆ. ಕೊಳ್ಳುವ ದಿನ ಅದರ ಹಿಂಭಾಗದಲ್ಲಿ ಹಾಸಿದ್ದ ರಬ್ಬರ್ ಮ್ಯಾಟನ್ನು ಎತ್ತಿ, ಕೆಳಗಿನ ತಗಡು ಹೇಗಿದೆ ಎಂದು ನೋಡಲಿಲ್ಲ. ಅವಳು ನೋಡಲು ಬಗ್ಗಿದಾಗ ತಡೆದೆ. ಇಷ್ಟೇ ಆಗಿದ್ದರೆ ಗಾಡಿ ವ್ಯವಹಾರದಲ್ಲಿ ಯಾರಿಗೂ ಆಗಬಹುದಾದ ತಪ್ಪು ಎನ್ನಬಹುದಿತ್ತು. ಆದರೆ ಮುಂದೆ ಅದರಿಂದ ಆದ ಹಾನಿಯನ್ನು ಅವಳ ತಲೆಗೆ ಕಟ್ಟಿ, ಅವಳು ಅದನ್ನು ನಂಬಿಕೊಂಡು ಬದುಕುವುದನ್ನು ನೋಡುತ್ತಾ ಸುಮ್ಮನಿದ್ದೆ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ನಾಚಾರಂನ ಸಣ್ಣ ಕಾರ್ಖಾನೆಗಳ ಮಾಲು ಸಾಗಿಸುವ ಗಾಡಿ ಓಡಿಸುತ್ತೇನೆ. ಅಪ್ಪ ವಿಜಾಪುರದ ಕಡೆಯಿಂದ ಈ ತೆಲುಗು ನಾಡಿನ ಶಹರಕ್ಕೆ ಬಂದು ನಾಂಪಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು ಇಲ್ಲವೇ ಹಿಂದಿ. ಹಾಗಾಗಿ ಹೊರಗೆ ಎಲ್ಲಾದರೂ ನಮ್ಮ ಕಡೆಯ ಮಾತು ಕಿವಿಗೆ ಬಿದ್ದರೆ ನಾವು ಕೂಡಲೇ ಮೆತ್ತಗಾಗಿಬಿಡುತ್ತೇವೆ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ನಾನು ಜಾರಿದ್ದು ಅಲ್ಲೇ.

ತಂಗಿ ನನಗಿಂತ ಬಹಳ ಚಿಕ್ಕವಳು. ದ್ವಿಚಕ್ರ ವಾಹನ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾ ಅಲ್ಲಿಯ ಹುಡುಗರ ಜೊತೆ ಸೇರಿ ರೇಸಿಗೆ ಹೋಗಲು ಶುರು ಮಾಡಿದಳು. ರಸ್ತೆಯ ಮೇಲಿನ ಹುಚ್ಚಾಟವಲ್ಲ, ಚೆನ್ನೈ, ಕೊಯಮತ್ತೂರು ಕಡೆ ಟ್ರ್ಯಾಕಿನಲ್ಲಿ ನಡೆಯುವ ರೇಸು. ಅವ್ವ ಮೊದಮೊದಲು ಅಳುತ್ತಿದ್ದಳು. ಆಮೇಲೆ, "ಬಿದ್ದಿಲ್ಲ ಅಲ್ಲ?" ಎಂದು ಫೋನಿನಲ್ಲಿ ಕೇಳಿ ಸುಮ್ಮನಾಗುವಷ್ಟು ಒಗ್ಗಿಕೊಂಡಳು.

ಆಗ ಬೈಕನ್ನು ರೈಲಿನ ಪಾರ್ಸಲ್‌ನಲ್ಲಿ ಕಳಿಸುತ್ತಿದ್ದಳು. ಟ್ಯಾಂಕಿನ ಪೆಟ್ರೋಲು ಬಸಿದು, ಗೋಣಿತಟ್ಟು ಸುತ್ತಿ, ನಾಂಪಲ್ಲಿ ಸ್ಟೇಷನ್ನಿಗೆ ಒಯ್ದು ಕೊಟ್ಟು ಬರಬೇಕು. ಅಲ್ಲಿ ಇಳಿಸಿಕೊಳ್ಳುವಾಗ ಬ್ರೇಕಿನ ಹಿಡಿಕೆ ಮುರಿದಿರುತ್ತಿತ್ತು, ಇಲ್ಲವೇ ಕನ್ನಡಿಯಂತೆ ಉಜ್ಜಿಟ್ಟ ಟ್ಯಾಂಕಿನ ಮೇಲೆ ಯಾರದೋ ಟ್ರಂಕು ಕೂತಿರುತ್ತಿತ್ತು. ಒಂದು ದಿನ ಊಟಕ್ಕೆ ಕುಳಿತಾಗ ಅವಳೇ ಮಾತು ತೆಗೆದಳು.

"ಅಣ್ಣಾ, ನನಗೊಂದು ಹಳೇ ವ್ಯಾನ್ ನೋಡಿ ಕೊಡಸು. ಬೈಕ್ ಓಡ್ಸೂದು ನನಗ ಗೊತ್ತೈತಿ, ವ್ಯಾನ್ ನೋಡೂದು ನಿನಗ ಗೊತ್ತೈತಿ."

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ ಅವ್ವ ಬಡಿಸಿದ ರೊಟ್ಟಿ ಲೆಕ್ಕವಿಲ್ಲದೆ ತಿಂದೆ. ಮನೆಯಲ್ಲಿ ನನ್ನ ಓದಿಗೆ ಮಾನವಿಲ್ಲ, ಮಾತಿಗೆ ಮಾನವಿಲ್ಲ. ಗಾಡಿ ವಿಷಯದಲ್ಲಿ ಮಾತ್ರ ನಾನು ಹೇಳಿದ್ದೇ ಕೊನೆ.

ಬೈಕ್ ಸಾಗಿಸುವ ವ್ಯಾನಿಗೆ ಅಂದಚಂದ ಬೇಡ. ಎರಡು ಬೈಕು ಅಕ್ಕಪಕ್ಕ ನಿಲ್ಲುವಷ್ಟು ಅಗಲ ಇರಬೇಕು. ಒಬ್ಬರೇ ಹಲಗೆಯ ಮೇಲೆ ಬೈಕನ್ನು ತಳ್ಳಿಕೊಂಡು ಹತ್ತಬಹುದಾದಷ್ಟು ನೆಲ ತಗ್ಗಾಗಿರಬೇಕು. ಎಂಜಿನನ್ನು ತಣ್ಣಗಿದ್ದಾಗಲೇ ಚಾಲೂ ಮಾಡಿ ಹೊಗೆ ನೋಡಬೇಕು. ನಾಲ್ಕೂ ಟೈರು ಒಂದೇ ಸಮ ಸವೆದಿವೆಯೇ, ಹಿಂದಿನ ಸ್ಪ್ರಿಂಗ್ ಪಟ್ಟಿ ಕುಸಿದಿದೆಯೇ, ಕ್ಲಚ್ಚು ಎಲ್ಲಿ ಹಿಡಿಯುತ್ತದೆ, ಇವೆಲ್ಲ ಗಾಡಿಯವರಿಗೆ ಬಾಯಿಪಾಠ. ರೇಸ್ ಬೈಕಿನವರಿಗೆ ಇನ್ನೊಂದಿದೆ, ನೆಲ. ಬೈಕಿನ ಹ್ಯಾಂಡಲಿನ ಎರಡೂ ಬದಿಯಿಂದ ಬೆಲ್ಟು ಇಳಿಸಿ, ನೆಲದಲ್ಲಿರುವ ರಿಂಗುಗಳಿಗೆ ಸಿಕ್ಕಿಸಿ, ಮುಂದಿನ ಸ್ಪ್ರಿಂಗು ಅದುಮುವಂತೆ ಬಿಗಿಯುತ್ತಾರೆ. ಒಂದು ಬದಿ ಬಿಟ್ಟುಕೊಂಡರೆ ಇನ್ನೊಂದು ಬದಿಯ ಬೆಲ್ಟೇ ಬೈಕನ್ನು ಎಳೆದು ಕೆಡವುತ್ತದೆ.

ಎರಡು ಮೂರು ವಾರ ಸುತ್ತಿದೆವು. ಒಂದು ವ್ಯಾನು ಬ್ರೆಡ್ಡು ಹಂಚುತ್ತಿದ್ದದ್ದು, ಬಾಗಿಲು ತೆರೆದರೆ ಹಸಿವಾಗುವಂಥ ವಾಸನೆ, ಆದರೆ ಸ್ಟೇರಿಂಗು ಎಡಕ್ಕೆ ಎಳೆಯುತ್ತಿತ್ತು. ಇನ್ನೊಂದನ್ನು ನಾವು ಹೋಗುವ ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರು. ನಾನು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ದೋಷ ಮುಚ್ಚಲು ಬಿಸಿ ಮಾಡಿದ್ದಾರೆ ಎಂದು ತಿಳಿದು ಹೊರಟುಬಂದೆ. ತಂಗಿ ದಾರಿಯುದ್ದಕ್ಕೂ ನಕ್ಕಳು.

"ಡಾಕ್ಟರ್ ಜ್ವರ ನೋಡಿದಂಗ ನೋಡಿದಿ ಬಿಡು."

ಪಟಾನ್‌ಚೆರುವಿನಲ್ಲಿ ಒಂದಿದೆ ಎಂದು ಗೊತ್ತಾದಾಗ ನನ್ನ ಜೊತೆಯ ಡ್ರೈವರನೊಬ್ಬ ಎಚ್ಚರಿಸಿದ. "ಪಟಾನ್‌ಚೆರು ಕೀ ಗಾಡೀ ಹೈ ತೋ ಪೈಲೇ ನೀಚೇ ದೇಖೋ ಮಿಯಾ." ಮೊದಲು ಕೆಳಗೆ ಬಗ್ಗಿ ನೋಡು ಎಂದು. ಅಲ್ಲಿಯ ಗಾಡಿಗಳು ಔಷಧ ಮತ್ತು ರಾಸಾಯನಿಕದ ಡ್ರಮ್ಮು ಹೊರುತ್ತವೆ. ಡ್ರಮ್ಮು ತುಳುಕಿದರೆ ಅದರ ನೀರು ತಗಡನ್ನು ಒಳಗೊಳಗೇ ತಿನ್ನುತ್ತದೆ, ಮೇಲೆ ಕಾಣುವುದಿಲ್ಲ. ಅದು ನನಗೆ ಗೊತ್ತಿರದ ಮಾತಲ್ಲ. ನಾನೇ ಎಷ್ಟೋ ಜನರಿಗೆ ಹೇಳಿದ್ದೆ.

ಮಾರುವವರು ವಯಸ್ಸಾದವರು. ಗೇಟಿನಲ್ಲಿ ನಾನು ತೆಲುಗಿನಲ್ಲಿ ಮಾತಾಡಿಸಿದೆ. ನಾನೂ ತಂಗಿಯೂ ನಮ್ಮೊಳಗೆ ಏನೋ ಅಂದುಕೊಂಡದ್ದು ಕೇಳಿ ಅವರ ಮುಖ ಅರಳಿತು.

"ಅರೇ, ನಮ್ಮವರ? ಯಾವ ಕಡಿಯವರ್ರಿ?"

"ವಿಜಾಪುರ ಕಡಿಯವ್ರು ರೀ ಕಾಕಾ."

"ನಮ್ದು ಬಾಗಲಕೋಟಿ. ಬರ್ರಿ ಬರ್ರಿ, ಒಳಗ ಬರ್ರಿ. ಹೊರಗ ನಿಂತು ಮಾತಾಡೂದೇನ?"

ಅವರ ಹೆಂಡತಿ ಹಚ್ಚಿದ ಅವಲಕ್ಕಿ ತಂದಿಟ್ಟರು, ಮೇಲೆ ಹಸಿ ಉಳ್ಳಾಗಡ್ಡಿ, ಪಕ್ಕದಲ್ಲಿ ಚಾ. ಗಾಡಿ ನೋಡಿ ಬರುತ್ತೇವೆ ಎಂದರೆ ಕಾಕಾ, "ಮೊದ್ಲ ತಿನ್ರಿ ತಮ್ಮಾ, ಗಾಡಿಗೇನು ಕಾಲ ಅದಾವೇನು ಓಡಿ ಹೋಗಾಕ?" ಎಂದರು. ತಂಗಿ ನನ್ನ ಕಿವಿಯ ಹತ್ತಿರ ಬಂದು, "ಹೆಣ್ಣ ನೋಡಾಕ ಬಂದಂಗ ಕುಂತಿಯಲ್ಲೋ ಅಣ್ಣಾ," ಎಂದಳು. ಅವಳು ಹೇಳಿದ್ದು ಹಾಸ್ಯಕ್ಕೆ. ನನಗೆ ಮಾತ್ರ ನಿಜವಾಗಿಯೂ ಹಾಗೆಯೇ ಆಗಿತ್ತು. ನಮ್ಮಲ್ಲಿ ಒಬ್ಬರ ಮನೆಯಲ್ಲಿ ಅವಲಕ್ಕಿ ತಿಂದು, ಚಾ ಕುಡಿದು, ಅಪ್ಪನ ಊರು ಅಜ್ಜನ ಊರು ಹೇಳಿಕೊಂಡ ಮೇಲೆ ಅವರ ವಸ್ತುವಿನ ಮೇಲೆ ಸಂಶಯ ತೋರಿಸುವುದು ಹೇಗೆ? ಅದು ಅವರ ಮಾತನ್ನೇ ನಂಬದೆ ಹೋದಂತೆ.

ವ್ಯಾನು ನೋಡಲು ಚೊಕ್ಕವಾಗಿತ್ತು. ಎಂಜಿನು ತಣ್ಣಗಿತ್ತು, ಒಂದೇ ಸಲಕ್ಕೆ ಚಾಲೂ ಆಯಿತು. ಹಿಂದೆ ಹೊಸ ರಬ್ಬರ್ ಮ್ಯಾಟು ಹಾಸಿತ್ತು. ಮೊದಲು ಡ್ರಮ್ಮು ಕಟ್ಟಲು ಹಾಕಿಸಿದ್ದ ಕಬ್ಬಿಣದ ರಿಂಗುಗಳು ಮ್ಯಾಟಿನ ತೂತುಗಳಿಂದ ಮೇಲೆ ಬಂದಿದ್ದವು. ಬೆಲ್ಟಿಗೆ ಸಿದ್ಧವಾದ ರಿಂಗುಗಳೇ ಸಿಕ್ಕವು ಎಂದು ನಾನು ಒಂದನ್ನು ಕೈಯಿಂದ ಜಗ್ಗಿ ನೋಡಿದೆ. ಗಟ್ಟಿಯಾಗಿತ್ತು. ತಂಗಿ ಬಗ್ಗಿ ಮ್ಯಾಟಿನ ಅಂಚು ಹಿಡಿದಳು.

"ಅಣ್ಣಾ, ಇದನ್ನ ಎತ್ತಿ ನೋಡ್ಲೇನು?"

ಕಾಕಾ ಪಕ್ಕದಲ್ಲೇ ಇದ್ದರು. "ನೋಡವ್ವಾ, ನೋಡು. ಎಲ್ಲಾ ಚಲೋ ಐತಿ. ಗಾಡಿ ನಿಮ್ದ ಆಗೂದೈತಿ," ಎಂದರು. ಅವರು ತಡೆಯಲಿಲ್ಲ. ತಡೆದವನು ನಾನು. "ಬಿಡು, ಹಿರ್ಯಾರು ಹೇಳಾಕತ್ತಾರಲ್ಲ ಚಲೋ ಐತಿ ಅಂತ," ಎಂದೆ. ಅವಳು ಕೈ ಬಿಟ್ಟಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಗಾಡಿ ವಿಷಯದಲ್ಲಿ ನಾನು ಹೇಳಿದ್ದೇ ಕೊನೆಯಲ್ಲವೇ.

ಆ ವರ್ಷದ ಕೊನೆಯ ರೇಸಿಗೆ ಅದೇ ವ್ಯಾನಿನಲ್ಲಿ ಚೆನ್ನೈ ಕಡೆ ಹೊರಟೆವು. ಅದರಲ್ಲಿ ಮುಂದೆ ಬಂದವರಿಗೆ ದೊಡ್ಡ ತಂಡವೊಂದರಲ್ಲಿ ಜಾಗ ಸಿಗುವುದಿತ್ತು. ತಂಗಿ ಅದಕ್ಕಾಗಿ ಇಡೀ ವರ್ಷ ಓಡಿಸಿದ್ದಳು. ಒಂದು ಬೈಕು ಅವಳದು, ಇನ್ನೊಂದು ರಿಪೇರಿ ಅಂಗಡಿಯಿಂದ ರೇಸಿಗೆ ಬರುತ್ತಿದ್ದ ಅವಳ ಜೊತೆಗಾರನದು. ಅವನು ಮುಂಚೆಯೇ ರೈಲಿನಲ್ಲಿ ಹೋಗಿದ್ದ. ಬೆಲ್ಟುಗಳನ್ನು ಅವಳೇ ಕಟ್ಟಿದಳು. ಎಂದಿನಂತೆ ಬಿಗಿದು, ಬೈಕಿನ ಮೇಲೆ ಭಾರ ಹಾಕಿ ಅಲುಗಾಡಿಸಿ ನೋಡಿದಳು. ಬೈಕು ಮಿಸುಕಲಿಲ್ಲ.

ನೆಲ್ಲೂರಿನ ಹತ್ತಿರ ಮಧ್ಯಾಹ್ನದ ಬಿಸಿಲಿಗೆ ಅವಳು ನನ್ನ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ರಸ್ತೆಯ ಕೆಲಸ ನಡೆದಿದ್ದ ಕಡೆ ಗಾಡಿ ಒಂದು ತಗ್ಗಿಗೆ ಇಳಿದು ಹತ್ತಿತು. ಹಿಂದೆ ದಡ್ ಎಂದಿತು. ಅವಳಿಗೆ ಎಚ್ಚರವಾಗಲಿಲ್ಲ. ನಾನು ಬದಿಗೆ ನಿಲ್ಲಿಸಿ, ಇಳಿದು, ಹಿಂದಿನ ಬಾಗಿಲು ತೆಗೆದೆ. ಅವಳ ಬೈಕು ವ್ಯಾನಿನ ಗೋಡೆಗೆ ಬಿದ್ದಿತ್ತು. ಬೆಲ್ಟನ್ನು ಬಿಗಿದ ಕಟ್ಟು ಹಾಗೆಯೇ ಇತ್ತು. ಅದರ ತುದಿಯಲ್ಲಿ ರಿಂಗು, ರಿಂಗಿಗೆ ಅಂಟಿಕೊಂಡ ಅಂಗೈಯಗಲ ತಗಡು. ತಗಡು ಹಪ್ಪಳದಂತೆ ಕೈಯಲ್ಲಿ ಪುಡಿಯಾಯಿತು. ಮ್ಯಾಟಿನ ಕೆಳಗೆ ಕೈ ಹಾಕಿದರೆ ಬೆರಳಿಗೆ ರಸ್ತೆಯ ಗಾಳಿ ತಾಗಿತು.

ಅಲ್ಲಿ ನಿಂತು ಅವಳನ್ನು ಎಬ್ಬಿಸಿ ತೋರಿಸಬಹುದಿತ್ತು. ನನ್ನ ಎದೆಯಲ್ಲಿ ಎದ್ದದ್ದು ಒಂದೇ ಮಾತು, ಇವಳು ಎತ್ತಿ ನೋಡುತ್ತೇನೆ ಅಂದಿದ್ದಳು. ರಿಂಗನ್ನು ಬೆಲ್ಟಿನಿಂದ ಬಿಡಿಸಿ ರಸ್ತೆ ಬದಿಯ ಜಾಲಿ ಪೊದೆಗೆ ಎಸೆದೆ. ಮ್ಯಾಟನ್ನು ಸರಿಯಾಗಿ ಹಾಸಿ, ರಿಂಗಿನ ತೂತು ಕಾಣದಂತೆ ಮೇಲೊಂದು ಗೋಣಿತಟ್ಟು ಎಳೆದೆ. ಬೆಲ್ಟಿನ ಬಿಗಿತವನ್ನೂ ನನ್ನ ಕೈಯಿಂದಲೇ ಸಡಿಲ ಮಾಡಿದೆ. ಆಮೇಲೆ ಅವಳನ್ನು ಎಬ್ಬಿಸಿದೆ.

"ಬೆಲ್ಟ್ ಜಾರೇತಿ ನೋಡು. ಸಡ್ಲ ಕಟ್ಟಿದ್ದಿ ಕಾಣತೈತಿ."

ಅವಳು ಬೈಕನ್ನು ನೋಡಿದಳು, ಆಮೇಲೆ ತನ್ನ ಎರಡೂ ಕೈ ನೋಡಿಕೊಂಡಳು. "ನಾನ ಕಟ್ಟಿದ್ದೆ," ಎಂದಳು. ಅಷ್ಟೇ. ಇನ್ನೊಂದು ಬದಿಯ ರಿಂಗಿಗೇ ಎರಡೂ ಬೆಲ್ಟು ಸಿಕ್ಕಿಸಿ, ಬೈಕನ್ನು ಗೋಡೆಗೆ ಒರಗಿಸಿ ಕಟ್ಟಿ ಒಯ್ದೆ. ಅದೇ ಗಟ್ಟಿ ಎಂದು ಹೇಳಿದೆ, ಅವಳು ನಂಬಿದಳು.

ಟ್ರ್ಯಾಕಿನಲ್ಲಿ ಬೈಕುಗಳನ್ನು ಪರೀಕ್ಷಿಸುವವರು ಅವಳ ಬೈಕಿನ ಮುಂದಿನ ಚಕ್ರ ಹಿಡಿದಿಡುವ ಫೋರ್ಕು ಬಾಗಿದೆ, ಬಿಡಲಾಗುವುದಿಲ್ಲ ಎಂದರು. ಬೇರೆ ತಂಡಗಳವರನ್ನು ಕೇಳಿದೆವು. ಅವಳ ಬೈಕಿಗೆ ಕೂಡುವ ಫೋರ್ಕು ಯಾರ ಬಳಿಯೂ ಇರಲಿಲ್ಲ. ರೇಸು ನಡೆಯುವಾಗ ಅವಳು ತಂತಿ ಬೇಲಿಯ ಈಚೆ ನಿಂತು ಜೊತೆಗಾರನಿಗೆ ಕೈ ಬೀಸುತ್ತಿದ್ದಳು. ತಂಡದ ಜಾಗ ಬೇರೆಯವರಿಗೆ ಹೋಯಿತು.

ಊರಿಗೆ ಬಂದು ನಾಚಾರಂನ ವೆಲ್ಡಿಂಗ್ ಅಂಗಡಿಯಲ್ಲಿ ವ್ಯಾನಿನ ನೆಲವನ್ನೆಲ್ಲ ಕಿತ್ತಿಸಿ ದಪ್ಪ ತಗಡು ಹಾಕಿಸಿದೆ. ಅವಳಿಗೆ, "ಇನ್ನೂ ಗಟ್ಟಿ ಇರ್ಲಿ ಅಂತ," ಎಂದು ಹೇಳಿದೆ. ಅವಳು ಅದಕ್ಕೂ, "ಭಾಳ ಚಲೋ ಮಾಡಿದಿ ಅಣ್ಣಾ," ಎಂದಳು.

ವ್ಯಾನು ಸರಿಯಾಯಿತು, ಅವಳು ಆಗಲಿಲ್ಲ. ಆಮೇಲಿನ ಪ್ರಯಾಣಗಳಲ್ಲಿ ಚಾ ಕುಡಿಯಲು ನಿಲ್ಲಿಸಿದರೆ ಬೆಲ್ಟು ಮುಟ್ಟಿ ಬರುವಳು. ಟೋಲ್ ಗೇಟಿನಲ್ಲಿ ಮುಟ್ಟುವಳು. ಸಿಗ್ನಲ್ಲಿನಲ್ಲಿ ಇಳಿಯಲು ಹೋದರೆ ನಾನು ಬೈಯುತ್ತಿದ್ದೆ. ಹೊಸಬರಿಗೆ ತನ್ನದೇ ಕಥೆ ಹೇಳುತ್ತಿದ್ದಳು, ನಾನು ಒಮ್ಮೆ ಸಡಿಲ ಕಟ್ಟಿದ್ದೆ, ನೋಡಿ ಏನಾಯಿತು ಎಂದು. ಅದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ. ಒಮ್ಮೆ ಅವಳ ಜೊತೆಗಾರ ನನ್ನನ್ನು ಬದಿಗೆ ಕರೆದು, ತಿರುವಿನಲ್ಲಿ ಅವಳು ಈಗ ಬಹಳ ಮುಂಚೆಯೇ ಬ್ರೇಕ್ ಹಿಡಿಯುತ್ತಾಳೆ, ಮೊದಲಿನ ಹಾಗಿಲ್ಲ, ಮನೆಯಲ್ಲಿ ಏನಾದರೂ ಆಗಿದೆಯೇ ಎಂದು ಕೇಳಿದ. ಏನೂ ಇಲ್ಲ ಎಂದೆ.

ಹೋದ ಚಳಿಗಾಲದಲ್ಲಿ, ನಾಂಪಲ್ಲಿಯಲ್ಲಿ ನುಮಾಯಿಶ್ ಎಂಬ ವಸ್ತುಪ್ರದರ್ಶನ ನಡೆಯುತ್ತಿದ್ದ ದಿನಗಳವು, ಮತ್ತೊಂದು ರೇಸಿಗೆ ಬೈಕು ಹೇರುತ್ತಿದ್ದೆವು. ಅವಳ ಬಳಿ ಕಲಿಯಲು ಬರುವ ತೆಲುಗು ಹುಡುಗಿಯೊಬ್ಬಳು ಜೊತೆಗಿದ್ದಳು. ತಂಗಿ ಕಟ್ಟಿದ ಬೆಲ್ಟನ್ನು ಬಿಚ್ಚಿ ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ಆ ಹುಡುಗಿ ನಗುತ್ತಾ, "ಅಕ್ಕಾ, ಇಂಕಾ ಎನ್ನಿಸಾರ್ಲು?" ಎಂದಳು. ಇನ್ನೂ ಎಷ್ಟು ಸಲ ಎಂದು. ತಂಗಿ ನಗಲಿಲ್ಲ. ಬೆಲ್ಟನ್ನು ನನ್ನ ಕೈಗೆ ಕೊಟ್ಟಳು.

"ನೀನ ಕಟ್ಟು ಅಣ್ಣಾ. ಈ ಸಲ ನಾ ಓಡ್ಸಂಗಿಲ್ಲ, ಈ ಹುಡುಗಿ ಓಡಸ್ತಾಳ. ಒಂದು ಬೆಲ್ಟ್ ಕಟ್ಟಾಕ ಬರಲಿಲ್ಲ ನನಗ. ಅಂಥ ಕೈ ನಂಬಿ ಆ ವೇಗದಾಗ ಹೆಂಗ ಹೋಗ್ಲಿ?"

ನಾನು ಬೆಲ್ಟನ್ನು ಕೆಳಗಿಟ್ಟೆ. ಆ ಹುಡುಗಿಗೆ ಚಾ ತರಲು ಹೇಳಿ ಕಳಿಸಿದೆ. ವ್ಯಾನಿನ ಅಂಚಿನ ಮೇಲೆ ಕುಳಿತು, ತಂಗಿಯನ್ನೂ ಕೂರಿಸಿಕೊಂಡೆ. ಅವಳ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ, ಎದುರಿನ ಅಂಗಡಿಯ ಮುಚ್ಚಿದ ಶಟರ್ ನೋಡುತ್ತಾ ಹೇಳಿದೆ.

"ನೀ ಸಡ್ಲ ಕಟ್ಟಿರ್ಲಿಲ್ಲವ್ವಾ. ಬೆಲ್ಟ್ ಬಿಗೀನ ಇತ್ತು. ನೆಲ ಕೊಳತಿತ್ತು, ರಿಂಗ್ ಕಿತ್ತು ಬಂದಿತ್ತು. ನೀ ಮಲಗಿದ್ದಿ, ನಾ ಅದನ್ನ ಬಿಡಿಸಿ ಒಗದೆ."

ಅವಳು ಹಿಂದಕ್ಕೆ ಬಗ್ಗಿ ನೆಲದ ರಿಂಗೊಂದನ್ನು ಹಿಡಿದು ಜಗ್ಗಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ನಾ ಇಷ್ಟ ದಿನ ಎಲ್ಲಾರ ಮುಂದ ನಂದ ತಪ್ಪು ಅಂತ ಹೇಳಾಕತ್ತಿದ್ದೆ. ಪಕ್ಕದಾಗ ನಿಂತು ಕೇಳಿದಿ ಅಲ್ಲ?"

"ಕೇಳಿದೆ."

"ಒಮ್ಮೆರ ಹೇಳಬೇಕು ಅನಿಸ್ಲಿಲ್ಲ?"

"ದಿನಾ ಅನಿಸ್ತಿತ್ತು. ಅಂಜಿದೆ. ನೋಡೂದು ನನ್ನ ಕೆಲಸ ಇತ್ತು, ನಾ ನೋಡಲಿಲ್ಲ. ನೀ ನೋಡಾಕ ಬಂದಿ, ಬಿಡಲಿಲ್ಲ. ಮ್ಯಾಲ ಸುಳ್ಳು ಹೇಳಿ ನಿನ್ನ ಕೈ ಮ್ಯಾಲ ನಿನಗ ನಂಬಿಕಿ ಇರದಂಗ ಮಾಡಿದೆ. ನಿನ್ನ ಕೈದು ಏನೂ ತಪ್ಪಿಲ್ಲ ತಂಗಿ, ಎಲ್ಲಾ ನಂದ. ನನ್ನ ಕಡಿಂದ ಭಾಳ ತಪ್ಪಾಗೇತಿ, ಕ್ಷಮಾ ಮಾಡು."